ಮೂರು ಸಲ ಕೇಳಿದ ಪ್ರಶ್ನೆ

ನನ್ನದು ಕೆಟ್ಟ ಬಾಯಿ ಅಂತ ಮನೆಯಲ್ಲಿ ಚಿಕ್ಕಂದಿನಿಂದಲೂ ದೂರು. ಅಮ್ಮ ಅನ್ನುತ್ತಿದ್ದಳು, ಇವಳನ್ನು ಕಟ್ಟಿಕೊಳ್ಳುವವನು ಕಿವಿಗೆ ಹತ್ತಿ ಇಟ್ಟುಕೊಂಡೇ ಹುಟ್ಟಿರಬೇಕು ಅಂತ. ಅಂಥವನು ಹುಟ್ಟಲಿಲ್ಲ, ನಾನು ಮದುವೆಯಾಗಲಿಲ್ಲ. ಇಂಥ ಬಾಯಿಯವಳು ಬದುಕಿನಲ್ಲಿ ಒಂದು ಸಲ, ಮಾತಾಡಲೇಬೇಕಾದ ಹೊತ್ತಿನಲ್ಲಿ, ಬಾಯಿ ಹೊಲಿದುಕೊಂಡು ಕೂತೆ. ಅದನ್ನು ಬರೆಯುತ್ತಿದ್ದೇನೆ. ಯಾರೂ ಅಯ್ಯೋ ಪಾಪ ಅನ್ನಬೇಕಾಗಿಲ್ಲ.

ನನ್ನ ತಾತ ಗುಂಡ್ಲುಪೇಟೆ ಕಡೆಯಿಂದ ಹೊಗೆಸೊಪ್ಪು, ಬೆಲ್ಲ ಹೇರಿಕೊಂಡು ಬಂದು ಕೇರಳದ ಗಡಿಯೊಳಗಿನ ಪುಲ್ಪಳ್ಳಿಯಲ್ಲಿ ಅಂಗಡಿ ಹಾಕಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ. ಇವೆರಡರ ನಡುವೆ ನನಗೆ ಇನ್ನೊಂದು ಮಾತೂ ಬರುತ್ತಿತ್ತು: ಕಾಡಿನಂಚಿನ ಹಾಡಿಯ ಬುಡಕಟ್ಟಿನವರ ಕನ್ನಡ. ಅಮ್ಮನಿಗೆ ಕಾಯಿಲೆ, ನನ್ನನ್ನು ಎತ್ತಿ ಆಡಿಸಿದವಳು ಹಾಡಿಯಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಅವಳ ಕೈಯಿಂದಲೇ ಗಂಜಿ ಕುಡಿದೆ, ಅವಳ ಸೊಂಟದ ಮೇಲೇ ಬೆಳೆದೆ. ಮುಂದೆ ನರ್ಸಿಂಗ್ ಕಲಿಯಲು ಹೋದಾಗ ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ "ನಾವು ಮೈಸೂರಿನ ಕಡೆಯವರು" ಅನ್ನುತ್ತಿದ್ದೆ. ಅವಳ ಸುದ್ದಿ ಎತ್ತುತ್ತಿರಲಿಲ್ಲ.

ಮೂವತ್ತು ದಾಟಿದ ಮೇಲೆ ಮೀನಂಗಡಿಯಿಂದ ಎರಡು ಮೈಲಿ ಒಳಗಿದ್ದ ಒಂದು ಧರ್ಮಾಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅದು ಈಗ ಇಲ್ಲ. ಅಲ್ಲಿ ಹೊಸದಾಗಿ ಮನೋರೋಗದ ವಾರ್ಡು ತೆರೆದಿದ್ದರು. ಅದರ ಡಾಕ್ಟರು ತೆಂಕಣ ಕೇರಳದವರು. ಹೊರದೇಶದಲ್ಲಿ ಓದಿ ಬಂದಿದ್ದರು. ಬಂದ ವಾರವೇ ಅವರು ಮಾಡಿದ ಮೊದಲ ಕೆಲಸವೆಂದರೆ ರೋಗಿಗಳನ್ನು ಮಲಗಿಸಿ ಮಾತಾಡಿಸಲೆಂದು ತರಿಸಿದ್ದ ಸೋಫಾವನ್ನು ಜಗಲಿಗೆ ಹಾಕಿಸಿದ್ದು. ಅದರ ಮೇಲೆ ವಾಚ್‌ಮನ್ ಮಲಗತೊಡಗಿದ.

"ಸಿಸ್ಟರೇ, ಹಳೆಯ ಮನೋವಿಶ್ಲೇಷಣೆ ರೋಗಿಯನ್ನು ಮಲಗಿಸಿ ಅವನ ತಲೆಯ ಹಿಂದೆ ಕೂರುತ್ತಿತ್ತು. ಯಾಕೆ ಗೊತ್ತೇ? ಅದಕ್ಕೆ ಮನುಷ್ಯ ಬೇಕಿರಲಿಲ್ಲ, ಅವನ ಬಾಲ್ಯ ಬೇಕಿತ್ತು. ಅಪ್ಪ ಹೊಡೆದದ್ದು, ಅಮ್ಮ ಮುದ್ದು ಮಾಡದ್ದು, ಎಲ್ಲ ಹಿಂದಿನದು. ಮನುಷ್ಯನನ್ನು ಅದು ಯಂತ್ರ ಅಂದುಕೊಂಡಿತ್ತು. ಈಗ ಅಸ್ತಿತ್ವವಾದ ಬಂದು ಅದರ ಕಿವಿ ಹಿಂಡಿದೆ" ಅಂತ ಒಂದು ಮಧ್ಯಾಹ್ನ ಅವರು ನನಗೆ ವಿವರಿಸಿದರು. ಈಗ ಕೇಳಬೇಕಾದದ್ದು ನಿನಗೆ ಏನಾಯಿತು ಅಂತ ಅಲ್ಲ, ಆದದ್ದರಿಂದ ನೀನು ಏನು ಮಾಡಿಕೊಂಡೆ ಅಂತ. ಮನುಷ್ಯ ಸ್ವತಂತ್ರ. ಆ ಸ್ವಾತಂತ್ರ್ಯಕ್ಕೆ ಹೆದರಿ ಅವನು ರೋಗದೊಳಗೆ ಅಡಗುತ್ತಾನೆ. ವಿಧಿ ಅನ್ನುತ್ತಾನೆ, ದೇವರು ಅನ್ನುತ್ತಾನೆ, ನನ್ನಿಂದ ಏನಾಗುತ್ತೆ ಅನ್ನುತ್ತಾನೆ. ಅದು ಆತ್ಮವಂಚನೆ. ಅವನೆದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು, ಅವನ ಬದುಕಿನ ಹೊಣೆಯನ್ನು ಅವನ ಕೈಗೇ ಕೊಟ್ಟುಬಿಡಬೇಕು. ಆಗ ರೋಗಕ್ಕೆ ಇರಲು ಜಾಗ ಸಿಗುವುದಿಲ್ಲ.

"ಅಂದರೆ ಮಾಡಿದ್ದುಣ್ಣೋ ಮಹರಾಯ" ಅಂದೆ. ಅರ್ಥ ಕೇಳಿ ತಿಳಿದುಕೊಂಡು, ಕುರ್ಚಿ ತಟ್ಟಿ ನಕ್ಕರು.

ನನಗೆ ಹುಚ್ಚು ಹಿಡಿದದ್ದು ಅವತ್ತೇ. ಗಡಿಯಾಚೆ ಮೈಸೂರಿನ ಹೋಟೆಲುಗಳಲ್ಲಿ ಹುಡುಗರು ಗಡ್ಡ ಬಿಟ್ಟುಕೊಂಡು ಅಸ್ತಿತ್ವ, ಅಸಂಗತ ಅಂತ ಕಾಫಿ ಆರಿಸುತ್ತಿದ್ದರಂತೆ. ನಾನಂತೂ ಇಲ್ಲಿ ಬೆಡ್‌ಪ್ಯಾನ್ ತೊಳೆದ ಕೈಯಲ್ಲಿ ಡಾಕ್ಟರು ಕೊಟ್ಟ ಪುಸ್ತಕ ಹಿಡಿದು, ಇಂಗ್ಲಿಷು ಅರ್ಧ ತಿಳಿದು ಅರ್ಧ ತಿಳಿಯದೆ, ಸಾಲಿನ ಕೆಳಗೆ ಪೆನ್ಸಿಲ್ ಗೀಟು ಹಾಕುತ್ತಿದ್ದೆ. ನನ್ನ ಜತೆ ಯಾರೂ ಹಾಗೆ ಮಾತಾಡಿದ್ದಿಲ್ಲ. "ನೀವು ನರ್ಸ್ ಅಲ್ಲ, ನನ್ನ ಸಹೋದ್ಯೋಗಿ. ನಿಮ್ಮನ್ನು ತರಬೇತಿಗೆ ಕಳಿಸುತ್ತೇನೆ" ಅಂದಿದ್ದರು. ಒಂದು ಮಾತಿಗೆ ಹೆಣ್ಣೊಬ್ಬಳು ಎಷ್ಟು ಅಗ್ಗಕ್ಕೆ ಸಿಗುತ್ತಾಳೆ ನೋಡಿ. ಪ್ರೀತಿಯ ಮಾತೂ ಅಲ್ಲ ಅದು.

ಅವು ನಕ್ಸಲೀಯರ ವರ್ಷಗಳು. ಕಾಡಿನ ನೆಲವೆಲ್ಲ ಜನ್ಮಿಗಳದು, ಅಂದರೆ ದೊಡ್ಡ ಜಮೀನುದಾರರದು. ಹಾಡಿಯವರು ತಲೆಮಾರಿನಿಂದ ಅವರ ಗದ್ದೆಯಲ್ಲಿ ಜೀತ ಮಾಡಿ, ವಲ್ಲಿ ಎಂದು ಅಳೆದು ಕೊಡುತ್ತಿದ್ದ ಭತ್ತದಲ್ಲಿ ಬದುಕುತ್ತಿದ್ದರು. ಆ ಭತ್ತದಲ್ಲೂ ಜಳ್ಳು. ಇದು ಸಾಕು ಅಂದ ಹುಡುಗರು ಬಂದೂಕು, ಮಚ್ಚು ಹಿಡಿದು ಕಾಡು ಸೇರಿದರು. ಹಿಂದೆಯೇ ಪೊಲೀಸರು ಬಂದು ಶಾಲೆಗಳಲ್ಲಿ ಬೀಡುಬಿಟ್ಟರು. ಹಾಡಿಗಳಿಗೆ ಇಬ್ಬರದೂ ಕಾಟ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ಅದೇ ದಿನಗಳಲ್ಲಿ ಬಾವಲಿ ಕಡೆಯ ಹಾಡಿಯ ಒಬ್ಬಳು ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು. ಅವನಿಗೆ ನಲವತ್ತು ಇದ್ದೀತು. ಬಲಗೈ ಮುಷ್ಟಿ ಕಟ್ಟಿಕೊಂಡು ಹೋಗಿತ್ತು. ಇಬ್ಬರು ಸೇರಿ ಎಳೆದರೂ ಬೆರಳು ಬಿಚ್ಚಲಿಲ್ಲ. ಎಲುಬು ಸರಿ ಇದೆ, ನರ ಸರಿ ಇದೆ, ಇದು ಮನಸ್ಸಿನದು ಅಂತ ಜನರಲ್ ವಾರ್ಡಿನವರು ನಮ್ಮ ಕಡೆ ಅಟ್ಟಿದರು.

ಅವನ ಕತೆ ಇಷ್ಟು. ಆರು ವರ್ಷದವನಿದ್ದಾಗಿಂದ ಒಬ್ಬ ಜನ್ಮಿಯ ಕೊಟ್ಟಿಗೆಯಲ್ಲಿ ದುಡಿದವನು. ಒಂದು ಸಂಜೆ ಕಾಡಿನ ಹುಡುಗರು ಬಂದು ಜನ್ಮಿಯನ್ನು ಅಂಗಳಕ್ಕೆ ಕರೆದು ಕಡಿದುಹಾಕಿದರು. ಇವನು ಆಗ ಕರು ಕಟ್ಟುತ್ತಿದ್ದ. ಗೋದಲಿಯ ಕೆಳಗೆ ನುಸುಳಿ ಮಲಗಿದ, ಎಲ್ಲ ಮುಗಿಯುವವರೆಗೂ ಎದ್ದು ಬರಲಿಲ್ಲ. ಪೊಲೀಸರು ನಾಲ್ಕು ದಿನ ಇಟ್ಟುಕೊಂಡು ಬಡಿದು, ಇವನಿಂದ ಏನೂ ಗಿಟ್ಟುವುದಿಲ್ಲ ಅಂತ ಬಿಟ್ಟರು. ಜನ್ಮಿಯ ಮನೆಯವರು ಹೆಣ ಸುಟ್ಟು, ಬಾಗಿಲಿಗೆ ಬೀಗ ಹಾಕಿ, ಕೋಳಿಕ್ಕೋಡಿಗೆ ಹೊರಟುಹೋದರು. ಅದಾದ ವಾರಕ್ಕೆ ಇವನ ಕೈ ಮುಚ್ಚಿಕೊಂಡಿತು.

"ತಂಬ್ರಾನು ಕೈ ಇಡ್ಕಂಡವ್ರೆ ಕಣವ್ವ" ಅಂತ ಅವನು ಮೊದಲ ದಿನವೇ ನನಗೆ ಹೇಳಿದ. ತಂಬ್ರಾನು ಅಂದರೆ ಒಡೆಯ, ಆ ಸತ್ತ ಜನ್ಮಿ. "ಬುಡ್ರಪ್ಪ ಅಂದ್ರೆ ಬುಡಕಿಲ್ಲ. ಯಾರೂ ಅವರ್ನ ಕಳಿಸಿಲ್ವಲ್ಲ, ಎಲ್ಲಿಗ್ ಓದಾರು?"

ಹೆಂಡತಿಗೆ ಇದ್ದದ್ದು ಒಂದೇ ಆಸೆ. "ಕೈಯೊಂದು ಬಿಚ್ಚುದ್ರೆ ಸಾಕವ್ವ. ಮಚ್ಚು ಇಡೀಬೇಕು, ಮಕ್ಳಿಗ್ ಕೂಳು ಕಾಣುಸ್ಬೇಕು. ಮನೆಗ್ ಕರ್ಕಂಡೋಯ್ತೀನಿ" ಅಂತ ನನ್ನ ಸೆರಗು ಹಿಡಿದಳು. ವಾರ್ಡಿನ ಜಗಲಿಯಲ್ಲೇ ಚಾಪೆ ಹಾಸಿಕೊಂಡು ಉಳಿದಳು.

ಡಾಕ್ಟರಿಗೆ ಹಾಡಿಯವರ ಮಾತು ಬಾರದು. ನಡುವೆ ನಾನು ಕೂತು ಅತ್ತಲದ್ದು ಇತ್ತ, ಇತ್ತಲದ್ದು ಅತ್ತ ಹೇಳಬೇಕು. ಸತ್ತವನು ಕೈ ಹಿಡಿದಿದ್ದಾನೆ ಅಂದದ್ದು ಕೇಳಿ ಅವರ ಮುಖ ಅರಳಿತು. ಹಳೆಯವರ ಕೈಗೆ ಇವನು ಸಿಕ್ಕಿದ್ದರೆ, ಜನ್ಮಿ ನಿನಗೆ ಅಪ್ಪನಿದ್ದಂತೆ, ಅಪ್ಪನ ಸಾವನ್ನು ನೀನು ಒಳಗೊಳಗೇ ಬಯಸಿದ್ದೆ, ಅದಕ್ಕೇ ಕೈಗೆ ಶಿಕ್ಷೆ ಅಂತ ಐದು ವರ್ಷ ಅಗೆಯುತ್ತಿದ್ದರಂತೆ. ನಮ್ಮದು ಹಾಗಲ್ಲವಂತೆ. ಆ ಸಂಜೆ ಗೋದಲಿಯ ಕೆಳಗೆ ಅವನೊಂದು ಆಯ್ಕೆ ಮಾಡಿದ; ಎದ್ದು ಕೂಗಬಹುದಿತ್ತು, ಕೂಗಲಿಲ್ಲ. ಅದು ನನ್ನದೇ ಅಂತ ಅವನು ಒಪ್ಪಿಕೊಂಡ ದಿನ ಕೈ ಬಿಚ್ಚುತ್ತದೆ. "ಎದುರುಬದುರು ಕೂರೋಣ. ಕುರ್ಚಿಯೂ ಬೇಡ, ನೆಲದಲ್ಲೇ" ಅಂದರು. ಚಾಪೆ ಹಾಸಿದೆ.

ಇಲ್ಲಿ ನಾನು ಬಲ್ಲ ಒಂದು ಸಂಗತಿ ಹೇಳಬೇಕು.

ನಾನು ಏಳು ವರ್ಷದವಳಿದ್ದಾಗ, ನನ್ನನ್ನು ಸಾಕಿದ ಆ ಹೆಂಗಸಿನ ತಮ್ಮನನ್ನು ಆನೆ ತುಳಿಯಿತು. ಅವಳು ಅಳುತ್ತಾ ಓಡಿದಳು, ನಾನು ಸೆರಗು ಬಿಡದೆ ಅವಳ ಜತೆಗೇ ಹೋದೆ. ಹೊರಗಿನವರಿಗೆ ತೋರಿಸದ ಒಂದು ಶಾಸ್ತ್ರ ಅವತ್ತು ಕಂಡೆ. ಕೆಟ್ಟ ಸಾವು ಸತ್ತವನು ತನ್ನನ್ನು ಕೊಂದವನನ್ನು ಹುಡುಕಿಕೊಂಡು ಅಲೆಯುತ್ತಾನೆ, ಸಿಕ್ಕವರನ್ನು ಹಿಡಿಯುತ್ತಾನೆ. ಅವನನ್ನು ಕಳಿಸಬೇಕಾದರೆ, ಅವನ ಕೈಯಿಂದ ಉಂಡವರು ಯಾರಾದರೂ ಆ ತಪ್ಪು ಹೊರಬೇಕು. ಹಾಡಿಯ ಹಿರಿಯ ಚಾಪೆಯ ಮೇಲೆ ಎದುರು ಕೂತು ಮೂರು ಸಲ ಕೇಳುತ್ತಾನೆ, ಯಾರು ಕೊಂದ್ರು ಅಂತ. ಮೂರನೆಯ ಸಲಕ್ಕೆ ಹೊರುವವರು ಹೇಳುತ್ತಾರೆ: ನಾನೇ ಕೊಂದೆ, ನನ್ನ ಮ್ಯಾಲೆ ಬಾ. ಆಗ ಸತ್ತವನು ಸಮಾಧಾನವಾಗಿ ಹಿರೀಕರ ಜತೆ ಸೇರುತ್ತಾನೆ. ಹೊತ್ತವರಿಗೆ ಮೊದಲ ತುತ್ತು. ಅವರನ್ನು ಯಾರೂ ಜರೆಯುವಂತಿಲ್ಲ, ಹೊತ್ತದ್ದನ್ನು ಅವರೂ ಇಳಿಸುವಂತಿಲ್ಲ. ಇಳಿಸಿದರೆ ಸತ್ತವನು ಅವರ ಮಕ್ಕಳ ಮೇಲೆ ಬರುತ್ತಾನೆ.

ನನ್ನನ್ನು ಸಾಕಿದವಳು ನಾನೇ ಕೊಂದೆ ಅಂದಾಗ ನಾನು ಕಿಟಾರನೆ ಕಿರುಚಿದ್ದೆ. ಆಮೇಲೆ ದಾರಿಯಲ್ಲಿ ಅವಳು, "ಅಯ್ಯೋ ಉಚ್ಚಿ, ಕೊಂದಿದ್ದು ಆನೆ ಕಣೆ. ಆದ್ರೆ ಯಾರಾರ ಒಬ್ರು ಒರಬೇಕಲ್ಲ" ಅಂತ ನನ್ನ ಮೂಗೊರೆಸಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಅವನೆದುರು ಕೂತರು. "ಇವನು ಬರೀ ಸತ್ತೋದ್ರು, ಸತ್ತೋದ್ರು ಅನ್ನುತ್ತಾನೆ. ಸಾವು ತಾನಾಗಿ ಆಗಲಿಲ್ಲ. ಯಾರು ಕೊಂದರು ಅಂತ ಕೇಳಿ" ಅಂದರು.

ಅವನ ಮಾತಿನಲ್ಲೇ ಕೇಳಿದೆ. "ಯಾರು ಕೊಂದ್ರು?"

ಅವನು ಬೆಚ್ಚಿದ. ಡಾಕ್ಟರನ್ನು ನೋಡಿದ, ಚಾಪೆ ನೋಡಿದ, ನನ್ನನ್ನು ನೋಡಿದ. ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ. ಆಗಲೇ ನನಗೆ ಗೊತ್ತಾಯಿತು. ಹಾಡಿಯಲ್ಲಿ ಯಾರೂ ಆ ಜನ್ಮಿಗೆ ಶಾಸ್ತ್ರ ಮಾಡಲು ಒಪ್ಪಿರಲಿಲ್ಲ, ಅಲೀಲಿ ಬುಡು ಅಂದಿದ್ದರು. ಈಗ ಯಾರೋ ದೊಡ್ಡವರು ನೆಲದ ಮೇಲೆ ಕೂತು ಕೇಳುತ್ತಿದ್ದಾರೆ. ಕೊನೆಗೂ ತಂಬ್ರಾನನ್ನು ಕಳಿಸಿಕೊಡುತ್ತಿದ್ದಾರೆ ಅಂದುಕೊಂಡ ಅವನು.

"ಇನ್ನೊಮ್ಮೆ ಕೇಳಿ" ಅಂದರು ಡಾಕ್ಟರು.

ಕೇಳಿದೆ. ಅವನು ಕಟ್ಟಿದ ಮುಷ್ಟಿಯನ್ನು ಎತ್ತಿ ಚಾಪೆಯ ಮೇಲಿಟ್ಟ.

"ಇನ್ನೊಮ್ಮೆ."

ನಿಲ್ಲಿಸಬಹುದಿತ್ತು. ಸ್ವಲ್ಪ ಇರಿ ಡಾಕ್ಟರೇ ಅನ್ನಲು ಎಷ್ಟು ಹೊತ್ತು ಬೇಕು? ಮೂರನೆಯ ಸಲವೂ ನಾನೇ ಕೇಳಿದೆ.

"ನಾನೇ ಕೊಂದೆ" ಅಂದ. "ನಾನೇ ಕೊಂದೆ. ಅಲೀಬ್ಯಾಡಿ ತಂಬ್ರಾ, ನನ್ನ ಮ್ಯಾಲೆ ಬನ್ನಿ. ಒಡುದ್ರೂ ಅನ್ನ ಆಕಿದ್ರಿ, ನನ್ನ ಮ್ಯಾಲೆ ಬನ್ನಿ." ಹೇಳುತ್ತಿದ್ದ ಹಾಗೇ ಅವನ ಕೈ ಬಿಚ್ಚಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅಂಗೈಯಲ್ಲಿ ಉಗುರು ನಾಟಿ ಕೀವಾಗಿತ್ತು. ಅವನು ಅಳುತ್ತಾ ನಗುತ್ತಾ ನನ್ನ ಕಡೆ ತಿರುಗಿ, "ಕೂಳೆಲ್ಲವ್ವ?" ಅಂದ.

"ಏನಂದ? ಪೂರ್ತಿ ಹೇಳಿ" ಅಂದರು ಡಾಕ್ಟರು.

"ನಾನೇ ಕೊಂದೆ ಅಂದ. ಅದು ನನ್ನ ಮೇಲೆ ಬರಲಿ ಅಂದ."

"ಈಗ ಏನು ಕೇಳುತ್ತಿದ್ದಾನೆ?"

"ಹಸಿವಂತೆ" ಅಂದೆ.

ಡಾಕ್ಟರು ಎದ್ದು ನಿಂತುಬಿಟ್ಟರು. ಕಣ್ಣಲ್ಲಿ ನೀರು. "ಹೊತ್ತುಕೊಂಡ, ನೋಡಿದಿರಾ! ಓದುಬರಹ ಇಲ್ಲದ ಮನುಷ್ಯ ತನ್ನ ಹೊಣೆಯನ್ನು ತಾನೇ ಹೊತ್ತ! ಇದು ನಾವಿಬ್ಬರೂ ಮಾಡಿದ ಕೆಲಸ ಸಿಸ್ಟರೇ. ನೀವು ಇನ್ನು ನರ್ಸಾಗಿ ಇರಕೂಡದು. ತರಬೇತಿಗೆ ಇವತ್ತೇ ಕಾಗದ ಬರೆಯುತ್ತೇನೆ."

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ಇದು ಹಾಡಿಯವರು ಸತ್ತವರನ್ನು ಕಳಿಸುವ ಶಾಸ್ತ್ರ, ನಿಮ್ಮ ಅಸ್ತಿತ್ವವಾದವೂ ಅಲ್ಲ ಮಣ್ಣಂಗಟ್ಟಿಯೂ ಅಲ್ಲ ಅಂದಿದ್ದರೆ ಅವರ ಮುಖ ಏನಾಗುತ್ತಿತ್ತು? ಅದು ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಿದ್ದರು. ಹಾಡಿಯವರ ಸೊಂಟದ ಮೇಲೆ ಬೆಳೆದವಳು ಅನ್ನಬೇಕಾಗುತ್ತಿತ್ತು. ಸಹೋದ್ಯೋಗಿ ಹೋಗಿ ಹಾಡಿಯ ಹೆಂಗಸಿನ ಸಾಕುಮಗಳಾಗಿಬಿಡುತ್ತಿದ್ದೆ. ಪೊಲೀಸರ ಭಯವಿತ್ತೇ ಅಂತ ಆಮೇಲೆ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು.

ಕ್ಯಾಂಟೀನಿನಿಂದ ಬನ್ನು ತರಿಸಿಕೊಟ್ಟೆ. ಅವನು ಅದನ್ನು ಬಲಗೈಯಲ್ಲೇ ಹಿಡಿದು ತಿಂದ. ಹೆಂಡತಿ ಬಾಗಿಲಲ್ಲಿ ನಿಂತು, ಗಂಡನ ಬೆರಳು ಆಡುವುದನ್ನು ನೋಡಿ, ನೆಲಕ್ಕೆ ಹಣೆ ಹಚ್ಚಿದಳು.

ಡಾಕ್ಟರು ಎಲ್ಲವನ್ನೂ ಕೇಸ್‌ಶೀಟಿನಲ್ಲಿ ಬರೆದರು. ಅಷ್ಟಕ್ಕೇ ನಿಲ್ಲಲಿಲ್ಲ. ಮಾರನೆಯ ದಿನ ಚಾಯ ಕುಡಿಯಲು ಬಂದ ಪೊಲೀಸ್ ಅಧಿಕಾರಿಯ ಮುಂದೆ ಈ ಕೈ ಬಿಚ್ಚಿದ ಕತೆಯನ್ನು ಕೊಚ್ಚಿಕೊಂಡರು. ಕೊಂದೆ ಅಂದರೆ ಕತ್ತಿಯಲ್ಲಿ ಕೊಂದೆ ಅಂತಲ್ಲ, ನೈತಿಕವಾಗಿ, ಅಂತ ವಿವರಿಸಿದರು ಕೂಡ. ಆ ಅಧಿಕಾರಿಗೆ ನೈತಿಕ ಕಟ್ಟಿಕೊಂಡು ಏನಾಗಬೇಕು? ಜನ್ಮಿಯ ಕೊಲೆಗೆ ಅವರಿಗೆ ಇನ್ನೂ ಒಬ್ಬ ಆರೋಪಿಯೂ ಸಿಕ್ಕಿರಲಿಲ್ಲ.

ಮೂರನೆಯ ದಿನ ಜೀಪು ಬಂದಾಗ ಗಂಡಹೆಂಡಿರು ಊರಿಗೆ ಹೊರಟಿದ್ದರು. ಅವಳು ಗಂಟು ಕಟ್ಟುತ್ತಿದ್ದಳು. ಅಧಿಕಾರಿ ಕೇಸ್‌ಶೀಟ್ ತರಿಸಿ, ನನ್ನನ್ನು ಕರೆದು ಕೇಳಿದ: "ಇವನು ಹೀಗೆ ಹೇಳಿದ್ದು ನಿಜವೇ?"

"ಹೇಳಿದ್ದು ನಿಜ" ಅಂದೆ.

ಸಹಿ ಹಾಕಿಸಿಕೊಂಡ. ನನ್ನ ಸಹಿ ದುಂಡಗೆ ಚೆನ್ನಾಗಿತ್ತು. "ಏನೂ ಇಲ್ಲ, ಬತ್ತೀನಿ" ಅಂತ ಅವನು ಹೆಂಡತಿಗೆ ಹೇಳಿ ಜೀಪು ಹತ್ತಿದ. ಡಾಕ್ಟರು ಆ ಸಂಜೆ ಊಟ ಮಾಡಲಿಲ್ಲ. ಮರುದಿನ ಮಾಡಿದರು. "ಅವನು ತನ್ನ ಸತ್ಯವನ್ನು ಆರಿಸಿಕೊಂಡ. ಅದನ್ನು ಕಸಿಯಲು ನಾವು ಯಾರು?" ಅಂದರು. ತಟ್ಟೆ ಎತ್ತಿ ಮುಖಕ್ಕೆ ಹೊಡೆಯಬೇಕು ಅನ್ನಿಸಿತು. ಸಾರು ಬಡಿಸಿದೆ.

ವಿಚಾರಣೆಯಲ್ಲಿ ಅವನು ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹೊತ್ತದ್ದನ್ನು ಇಳಿಸಿದರೆ ಮಕ್ಕಳಿಗೆ ಕೇಡು. ನ್ಯಾಯಾಧೀಶರು ಕೇಳಿದಾಗಲೆಲ್ಲ ತಲೆ ತಗ್ಗಿಸಿ ನಿಂತ. ಅವನ ಹೆಂಡತಿ ವಕೀಲರಿಗೆ ಶಾಸ್ತ್ರದ ವಿಷಯ ಹೇಳಿದ್ದಳು. ಹಾಡಿಯವರೇ ಹೇಳಿದರೆ ಯಾರೂ ನಂಬುವುದಿಲ್ಲ, ಹೊರಗಿನವರೊಬ್ಬರು ಹೌದು ಅಂದರೆ ಅವನು ಮನೆಗೆ ಹೋಗುತ್ತಾನೆ ಅಂತ ವಕೀಲರು ನನ್ನನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದರು. ಬಡಪಾಯಿ ವಕೀಲ, ಕೋಟಿನ ತೋಳು ಹರಿದಿತ್ತು.

"ಹಾಡಿಯವರಲ್ಲಿ ತಪ್ಪು ಹೊರುವ ಇಂಥದ್ದೊಂದು ಪದ್ಧತಿ ಇದೆಯಂತೆ. ನಿಮಗೆ ಗೊತ್ತೇ?"

ಮುಂದಿನ ಬೆಂಚಿನಲ್ಲಿ ಡಾಕ್ಟರು ಕೂತಿದ್ದರು. ನನ್ನ ತರಬೇತಿಯ ಕಾಗದ ಹಿಂದಿನ ವಾರವಷ್ಟೇ ಬಂದಿತ್ತು. ಬಾಗಿಲ ಹತ್ತಿರ ಅವಳು, ಸೊಂಟದ ಮೇಲೆ ಮಗು. ಆರೋಪಿಯ ಕಟಕಟೆಯೊಳಗೆ ಅವನು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ.

"ಗೊತ್ತಿಲ್ಲ" ಅಂದೆ. "ನನಗೆ ಅವರ ಮಾತು ಮಾತ್ರ ಗೊತ್ತು. ನಾವು ಮೈಸೂರಿನ ಕಡೆಯವರು."

ಅವನು ಜೈಲಿನಲ್ಲಿ ಆರು ವರ್ಷ ಇದ್ದು, ಕ್ಷಯ ಬಂದು ಸತ್ತ. ಡಾಕ್ಟರು ಅಷ್ಟರಲ್ಲಿ ಮತ್ತೆ ಹೊರದೇಶಕ್ಕೆ ಹೋಗಿದ್ದರು. ನಾನು ತರಬೇತಿ ಮುಗಿಸಿ, ಬೇರೆ ಊರಿನಲ್ಲಿ, ಒಳ್ಳೆಯ ಕೋಣೆಯಲ್ಲಿ, ಎರಡು ಕುರ್ಚಿ ಎದುರುಬದುರು ಹಾಕಿಕೊಂಡು ಇಪ್ಪತ್ತೇಳು ವರ್ಷ ಜನರಿಗೆ ಹೊಣೆ ಹೊರುವುದನ್ನು ಕಲಿಸಿದೆ. ಗಂಡನ ಮೇಲೆ ಹಾಕಬೇಡಿ, ಅತ್ತೆಯ ಮೇಲೆ ಹಾಕಬೇಡಿ, ನಿಮ್ಮ ಆಯ್ಕೆ ಏನಿತ್ತು ಹೇಳಿ. ಎಷ್ಟೋ ಜನಕ್ಕೆ ಗುಣವಾಯಿತು, ಅದೂ ಸುಳ್ಳಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ತಟ್ಟೆಯ ನೊಣ ಆರಿಸುವ ಕೆಲಸಕ್ಕೆ ಪಿಂಚಣಿಯೂ ಬಂತು.

ನಿವೃತ್ತಿಯಾಗಿ ಪುಲ್ಪಳ್ಳಿಗೆ ಮರಳಿದ ಮೇಲೆ ಒಂದು ದಿನ ಧೈರ್ಯ ಮಾಡಿ ಬಾವಲಿಯ ಬಸ್ಸು ಹತ್ತಿದೆ. ಹೇಳಿಬಿಡಬೇಕು ಅಂತಲೇ ಹೋದೆ. ಗೊತ್ತಿತ್ತು, ಗೊತ್ತಿದ್ದೂ ಇಲ್ಲ ಅಂದೆ, ಏನು ಮಾಡುತ್ತೀಯೋ ಮಾಡು ಅನ್ನಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡೆ.

ಅವಳು ಮುದುಕಿಯಾಗಿದ್ದಳು. ಕಣ್ಣು ಮಂಜು. ಯಾರು ಅಂತ ಹೇಳಿದೊಡನೆ ಕೈ ತಡವಿ ಹಿಡಿದುಕೊಂಡು ಒಳಗೆ ಕರೆದಳು, ಕರಿಚಾಯ ಕಾಸಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು.

"ಕಾಡಿನ್ ಉಡುಗ್ರು ಬಂದಿದ್ರು ಕಣವ್ವ, ಇವ್ರುನ್ನ ಜೈಲಿಗ್ ಆಕಿದ್ ವರ್ಸ. ಸಾಕ್ಸಿ ಏಳ್ದೋಳು ಯಾರು, ಅವ್ಳ್ ಮನೆ ತೋರ್ಸು, ಮುಗ್ಸ್‌ಬುಡ್ತೀವಿ ಅಂದ್ರು. ನಾನು ಬ್ಯಾಡ ಅಂದೆ. ಅವ್ಳು ಪ್ಯಾಟೆ ಎಣ್ಣು, ನಮ್ ಪದ್ಧತಿ ಅವ್ಳಿಗ್ ಎಂಗೊತ್ತು? ಕೋರ್ಟಲ್ಲೇ ಗೊತ್ತಿಲ್ಲ ಅಂದ್ಲು, ನಾನೇ ಕೇಳ್ದೆ. ಗೊತ್ತಿದ್ದಿದ್ರೆ ಏಳ್ದೆ ಇರ್ತಿದ್ಲಾ ಅಂದೆ. ನನ್ ಮಕ್ಳಿಗೂ ಅದೇ ಏಳಿ ಸಾಕ್ದೆ. ದೊಡ್ಡೋನು ಮಾತ್ರ ಇವತ್ತಿಗೂ ನಂಬಾಕಿಲ್ಲ, ನಿನ್ ಮೇಲೆ ಸಿಟ್ಟು ಅವ್ನಿಗೆ. ನೀನೇ ಬಂದೆ, ಒಳ್ಳೇದಾಯ್ತು. ಬಾಯ್ಬುಟ್ಟು ಏಳ್ಬುಡವ್ವ, ಅವ್ನಿಗ್ ಏಳ್ತೀನಿ. ನಿಂಗೆ ಗೊತ್ತಿರ್ನಿಲ್ಲ ಅಲ್ವಾ?"

ಚಾಯದ ಗ್ಲಾಸು ನನ್ನ ಕೈಯಲ್ಲಿ ಸುಡುತ್ತಿತ್ತು. ಕೆಳಗಿಡಲಿಲ್ಲ.

"ಗೊತ್ತಿರಲಿಲ್ಲ ಕಣವ್ವ" ಅಂದೆ.

"ಅದೇ ಮತ್ತೆ" ಅಂದಳು. ಅವಳ ಮುಖ ಹಗುರಾಯಿತು. ಹೊರಡುವಾಗ ಬೇಡವೆಂದರೂ ಕೇಳದೆ ತಾನೇ ಅಗೆದು ತಂದಿದ್ದ ಕಾಡುಗೆಣಸನ್ನು ನನ್ನ ಚೀಲಕ್ಕೆ ತುಂಬಿದಳು. ಬಸ್ಸಿನವರೆಗೂ ಕೋಲೂರಿಕೊಂಡು ಬಂದು ಬಿಟ್ಟಳು. ಮನೆಗೆ ಬಂದು ಬೇಯಿಸಿ, ಉಪ್ಪು ಹಸಿಮೆಣಸು ಅರೆದುಕೊಂಡು ತಿಂದೆ. ಚೆನ್ನಾಗಿ ಬೆಂದಿತ್ತು.